ಬಾಜೂ ತಾಟಿನವರು

ಮಧ್ಯಾಹ್ನ ಒಂದೂವರೆ. ಜೇವರ್ಗಿ ಬಸ್ ನಿಲ್ದಾಣದ ಆಸುಪಾಸಿನ ಒಂದು ಖಾನಾವಳಿ. ಒಳಗೆ ಏಳೆಂಟು ಟೇಬಲ್ಲು, ಎಲ್ಲ ಭರ್ತಿ. ಬಾಗಿಲಲ್ಲಿ ಚೀಲ ಹಿಡಿದು ನಿಂತವರನ್ನು ಗಲ್ಲೆಯ ಮೇಲೆ ಕುಳಿತ ಮಾಲೀಕರು ನೋಡುತ್ತಾರೆ, ಮೂಲೆಯತ್ತ ಕೈ ತೋರುತ್ತಾರೆ. 'ಅಲ್ಲಿ ಒಂದ್ ಜಾಗಾ ಅದ ನೋಡ್ರಿ, ಕುಂಡ್ರಿ.' ಆ ಟೇಬಲ್ಲಿಗೆ ಆಗಲೇ ಮೂವರು ಕುಳಿತಿದ್ದಾರೆ. ಒಬ್ಬರು ಮಾರುಕಟ್ಟೆಗೆ ತೊಗರಿ ತಂದವರು. ಇನ್ನೊಬ್ಬರು ಕೋರ್ಟಿನ ತಾರೀಖಿಗೆ ಬಂದವರು, ಕಾಗದದ ಕಟ್ಟು ತೊಡೆಯ ಮೇಲಿದೆ. ಮೂರನೆಯವನು ಔಷಧ ಕಂಪನಿಯ ಹುಡುಗ, ಟೈ ಸಡಿಲ ಮಾಡಿಕೊಂಡಿದ್ದಾನೆ. ಒಬ್ಬರಿಗೊಬ್ಬರ ಗುರುತಿಲ್ಲ.

ಹೊಸಬರು ಕುಳಿತುಕೊಳ್ಳುವಾಗ ಮೂವರೂ ತಮ್ಮ ತಾಟನ್ನು ಎರಡೆರಡು ಬೆರಳು ಸರಿಸುತ್ತಾರೆ. ಬಿಸಿ ರೊಟ್ಟಿ ಬರುತ್ತದೆ, ಪುಂಡಿಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ ಬರುತ್ತವೆ. ಮೊದಲ ರೊಟ್ಟಿ ಮೌನದಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ 'ಯಾವೂರ್ರಿ ನಿಮ್ದು?' ಮೂರನೆಯದು ಬರುವ ಹೊತ್ತಿಗೆ ಮಾತು ತೊಗರಿಗೆ ಬಂದಿರುತ್ತದೆ. 'ಈ ಸಲ ಹೆಂಗದರಿ?' 'ಎಲ್ಲಿದ್ರಿ, ಅರ್ಧಾ ಹೊಲಕ್ಕ ನೆಟೆ ಹಾಯ್ದದ.' ಕೋರ್ಟಿನವರು ತಮ್ಮ ಹಿಂಡಿಯ ಬಟ್ಟಲನ್ನು ಹುಡುಗನ ಕಡೆಗೆ ನೂಕುತ್ತಾರೆ. ಆಮೇಲೆ ಕೈತೊಳೆದು, ಬಿಲ್ಲು ಕೊಟ್ಟು, ನಾಲ್ವರೂ ನಾಲ್ಕು ಬಸ್ಸಿಗೆ ಹೋಗುತ್ತಾರೆ. ಹೆಸರು ಯಾರೂ ಕೇಳಿರುವುದಿಲ್ಲ.

ಗುರುತಿಲ್ಲದವರ ಪಕ್ಕ ಕುಳಿತು ಉಣ್ಣುವುದು ಮನುಷ್ಯರಿಗೆ ಸುಲಭದ ಕೆಲಸವಲ್ಲ. ಉಣ್ಣುವಾಗ ನಾವು ಮೈಮರೆತಿರುತ್ತೇವೆ, ಬಾಯಿ ತೆರೆದಿರುತ್ತೇವೆ, ನಮ್ಮ ಹಸಿವು ಬಯಲಾಗಿರುತ್ತದೆ. ಆದರೂ ಕಲಬುರಗಿ ಸೀಮೆಯಲ್ಲಿ ಇದು ದಿನವೂ ನಡೆಯುತ್ತದೆ. ಇಲ್ಲಿಯವರದು ದೊಡ್ಡ ಮನಸ್ಸು ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಮನಸ್ಸಿನ ಹಿಂದೆ ಒಂದು ಏರ್ಪಾಟು ಇದೆ. ಯಾರು ಎಲ್ಲಿ ಕೂರಬೇಕು, ಯಾರು ಬಡಿಸಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಂಬುದನ್ನು ನಮ್ಮ ಹಿರಿಯರು ತಲೆಮಾರುಗಳ ಕಾಲ ತಿದ್ದಿ ತೀಡಿ ಕಟ್ಟಿದ್ದಾರೆ. ಆ ಏರ್ಪಾಟು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋತಿದೆ ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಹಡಗಿನ ದುಂಡು ಮೇಜು

ಇದೇ ಪ್ರಶ್ನೆಯನ್ನು ಹಣ ಕೊಟ್ಟು ಎದುರಿಸುವ ಜಾಗವೊಂದಿದೆ: ಪ್ರವಾಸಿ ಹಡಗು. ನಮ್ಮವರಲ್ಲೂ ಈಗ ಮಕ್ಕಳು ಅಮೆರಿಕದಲ್ಲೋ ಸಿಂಗಪುರದಲ್ಲೋ ಇದ್ದರೆ ತಂದೆತಾಯಿಯನ್ನು ಒಂದು ವಾರ ಹಡಗಿಗೆ ಹತ್ತಿಸುವುದುಂಟು. ಮುಂಬಯಿಯಿಂದಲೇ ಗೋವಾ, ಲಕ್ಷದ್ವೀಪದ ಕಡೆಗೆ 2021ರಿಂದ ಇಂಥ ಹಡಗು ಓಡಾಡುತ್ತಿದೆ. ಟಿಕೆಟ್ ಕಾಯ್ದಿರಿಸುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ: ರಾತ್ರಿಯ ಊಟ ಹೇಗೆ ಬೇಕು?

ಹಳೆಯ ಪದ್ಧತಿಯಲ್ಲಿ ಊಟಕ್ಕೆ ಎರಡು ಸರದಿ, ಒಂದು ಸಂಜೆ ಆರರ ಸುಮಾರಿಗೆ, ಇನ್ನೊಂದು ಎಂಟರ ಮೇಲೆ. ಹಡಗಿನವರು ಒಂದು ಮೇಜನ್ನು ಗೊತ್ತುಮಾಡುತ್ತಾರೆ. ಆರು, ಎಂಟು, ಹತ್ತು ಜನ ಕೂರುವ ದೊಡ್ಡ ಮೇಜು. ಪ್ರಯಾಣ ಮುಗಿಯುವ ತನಕ ಅದೇ ಮೇಜು, ಅದೇ ಜನ, ಬಡಿಸುವವರೂ ಅವರೇ. ಇದನ್ನು ಸಡಿಲಿಸಿದ್ದು ನಾರ್ವೇಜಿಯನ್ ಕ್ರೂಸ್ ಲೈನ್. 2000ದಲ್ಲಿ ಆ ಸಂಸ್ಥೆ, ಬೇಕಾದಾಗ ಬಂದು ಬೇಕಾದವರ ಜೊತೆ ಉಣ್ಣಿ ಎಂದಿತು. ಬೇರೆ ಸಂಸ್ಥೆಗಳೂ ನಿಧಾನವಾಗಿ ಅದೇ ದಾರಿ ಹಿಡಿದವು. ಈಗ ಬಹಳ ಕಡೆ ಎರಡೂ ಉಂಟು, ಜೊತೆಗೆ ತಾಟು ಹಿಡಿದು ತಾವೇ ಬಡಿಸಿಕೊಳ್ಳುವ ಬಫೆ.

ಇಬ್ಬರೇ ಕೂರುವ ಸಣ್ಣ ಮೇಜನ್ನು ಆರಿಸಿಕೊಂಡವರು ನಿಶ್ಚಿಂತೆಯಿಂದ ಉಣ್ಣುತ್ತಾರೆ, ಒಂದು ವಾರದ ಕೊನೆಗೂ ಹಡಗಿನಲ್ಲಿ ಯಾರ ಪರಿಚಯವೂ ಆಗಿರುವುದಿಲ್ಲ. ದೊಡ್ಡ ಮೇಜನ್ನು ಆರಿಸಿಕೊಂಡವರಿಗೆ ಮೊದಲ ರಾತ್ರಿ ಕಷ್ಟ. ದುಂಡು ಮೇಜಿನಲ್ಲಿ ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ. ಒಂದು ಬಗೆಯ ಊಟ ಮುಗಿದು ಇನ್ನೊಂದು ಬರುವ ತನಕ ಕೈ ಖಾಲಿ, ಆ ಖಾಲಿ ಹೊತ್ತನ್ನು ಮಾತು ತುಂಬಲೇಬೇಕು. ಮಾತು ಬಾರದವರಿಗೆ, ಭಾಷೆ ಬಾರದವರಿಗೆ ಅದು ಪರೀಕ್ಷೆ. ಹಿರಿಯರನ್ನು ಕಳಿಸುವ ಮಕ್ಕಳು ಇದನ್ನು ತಿಳಿದಿರಲಿ. ಸಸ್ಯಾಹಾರವೆಂದು ಮೊದಲೇ ಬರೆಸಬೇಕು, ಮೊದಲ ರಾತ್ರಿ ಹೊಂದಿಕೆಯಾಗದಿದ್ದರೆ ಊಟದ ಕೋಣೆಯ ಮುಖ್ಯಸ್ಥರನ್ನು ಕೇಳಿ ಮೇಜು ಬದಲಿಸಿಕೊಳ್ಳಬೇಕು. ಸಂಕೋಚಪಟ್ಟು ವಾರವಿಡೀ ಕೋಣೆಯಲ್ಲೇ ಬ್ರೆಡ್ಡು ತಿಂದು ಕೂರಬಾರದು.

ಸಾಲಿನ ಗುಣ

ನಮ್ಮ ಪಂಕ್ತಿ ದುಂಡಗಿಲ್ಲ, ಅದು ಸಾಲು. ವ್ಯತ್ಯಾಸವಿರುವುದು ಅಲ್ಲೇ. ಸಾಲಿನಲ್ಲಿ ಕುಳಿತವರಿಗೆ ಎದುರು ಮುಖವಿಲ್ಲ. ಎದುರಿನ ಸಾಲು ಇದ್ದರೂ ಅದು ಬಡಿಸುವವರು ಓಡಾಡುವಷ್ಟು ದೂರ. ಕಣ್ಣು ತಾಟಿನ ಮೇಲೆ, ಮೊಣಕೈ ಪಕ್ಕದವರಿಗೆ ತಾಗುವಷ್ಟು ಹತ್ತಿರ. ಮಾತಾಡಬೇಕೆನಿಸಿದರೆ ತಲೆ ತುಸು ಹೊರಳಿಸಿದರೆ ಸಾಕು, ಬೇಡವೆನಿಸಿದರೆ ಸುಮ್ಮನೆ ಉಣ್ಣಬಹುದು. ಆ ಮೌನವನ್ನು ಯಾರೂ ಸೊಕ್ಕು ಎಂದುಕೊಳ್ಳುವುದಿಲ್ಲ. ಗುರುತಿಲ್ಲದವರಿಗೆ ಇದಕ್ಕಿಂತ ಹಿತವಾದ ಕೂರುವ ಕ್ರಮ ನನಗೆ ಕಂಡಿಲ್ಲ.

ಇನ್ನೊಂದು ಗುಣ, ಆಯ್ಕೆ ಇಲ್ಲದಿರುವುದು. ಪಂಕ್ತಿಯಲ್ಲಿ ಮೆನು ಇಲ್ಲ. ಪಕ್ಕದವರು ಹೆಚ್ಚು ಬೆಲೆಯದನ್ನು ತರಿಸಿಕೊಂಡರು, ನಾನು ಕಡಿಮೆಯದಕ್ಕೆ ನಿಂತೆ ಎಂಬ ಇರುಸುಮುರುಸಿಗೆ ಜಾಗವಿಲ್ಲ. ಕೂರುವ ಜಾಗವೂ ನಮ್ಮ ಇಚ್ಛೆಯದಲ್ಲ. ಬಾಗಿಲಿಂದ ಬಂದ ಕ್ರಮದಲ್ಲೇ ಕೂರಬೇಕು. ಏಳುವುದೂ ಒಟ್ಟಿಗೆ. ಬೇಗ ಉಂಡವರು ನಿಧಾನದವರಿಗಾಗಿ ಎಂಜಲುಗೈಯಲ್ಲೇ ಕಾಯುತ್ತಾರೆ. ಸಾಲಿನಲ್ಲಿ ಯಾರೋ ಮುದುಕಿಯ ಮಜ್ಜಿಗೆ ಅನ್ನ ಇನ್ನೂ ಉಳಿದಿದ್ದರೆ ಇಪ್ಪತ್ತು ಜನ ಅವಳಿಗಾಗಿ ಕುಳಿತಿರುತ್ತಾರೆ.

ಖಾನಾವಳಿ ಇದಕ್ಕೂ ಹೋಟೆಲಿಗೂ ನಡುವಿನದು. ಹೆಸರು ಮರಾಠಿಯ ಕಡೆಯಿಂದ ಬಂದದ್ದು. ಮುಂಬಯಿಯ ಗಿರಣಿಗಳ ಕಾಲದಲ್ಲಿ ಊರುಬಿಟ್ಟು ಬಂದ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸರ ಮನೆಗಳೇ ಖಾನಾವಳಿಗಳಾಗಿದ್ದವು. ಆ ಹೆಂಗಸರನ್ನು ಒಟ್ಟುಗೂಡಿಸಿ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣ ಮಹಿಳಾ ಮಂಡಳ ಕಟ್ಟಿದರು. ನಮ್ಮ ಕಡೆಯ ಖಾನಾವಳಿಯಲ್ಲೂ ಮನೆಯೂಟದ ಗುಣ ಉಳಿದಿದೆ. ಒಂದೇ ಊಟ, ಬಡಿಸುವವರೇ ಬಂದು 'ಇನ್ನೊಂದ್ ರೊಟ್ಟಿ ಹಚ್ಕೋರಿ' ಅನ್ನುವುದು, ಜಾಗವನ್ನು ಗಲ್ಲೆಯವರು ಹಂಚುವುದು. ಟೇಬಲ್ಲಿನಲ್ಲಿ ಎದುರು ಮುಖವಿದ್ದರೂ ರೊಟ್ಟಿ ಮುರಿಯುವ, ಪಲ್ಯ ಅದ್ದುವ ಕೆಲಸ ಕೈಗಿರುವುದರಿಂದ ಕಣ್ಣಿಗೆ ಬಿಡುವು ಸಿಗುತ್ತದೆ.

ಗಾಣಗಾಪುರದ ನಡುಹಗಲು

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಜೇವರ್ಗಿ ಸೀಮೆಯತ್ತ ಸಾಗುತ್ತದೆ. ಮೂರೂ ತಾಲೂಕುಗಳನ್ನು ಹೊಲಿದಿರುವ ಈ ನೀರಿನ ದಂಡೆಯಲ್ಲೇ, ಗುರುತಿಲ್ಲದವರ ಕೈಯ ಅನ್ನವನ್ನು ವ್ರತವಾಗಿಸಿದ ಊರೊಂದಿದೆ.

ಗಾಣಗಾಪುರ ದತ್ತ ಸಂಪ್ರದಾಯದ ದೊಡ್ಡ ಕ್ಷೇತ್ರ. 15ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿಯವರನ್ನು ಭಕ್ತರು ದತ್ತಾತ್ರೇಯನ ಅವತಾರವೆಂದು ಕಾಣುತ್ತಾರೆ; ಅವರ ನಿರ್ಗುಣ ಪಾದುಕೆಗಳಿಗೆ ಇಲ್ಲಿ ಪೂಜೆ. ದತ್ತ ಪ್ರತಿದಿನ ನಡುಹಗಲಿಗೆ ಈ ಊರಿಗೆ ಭಿಕ್ಷೆಗೆ ಬರುತ್ತಾನೆ, ಯಾವ ರೂಪದಲ್ಲಿ ಬರುತ್ತಾನೋ ಹೇಳಲಾಗದು ಎಂಬುದು ನಂಬಿಕೆ. ಊರಿನ ಮಧ್ಯಾಹ್ನವೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿದೆ.

ಮಹಾಮಂಗಳಾರತಿಯ ಹೊತ್ತಿಗೆ ಗುಡಿಯ ಸುತ್ತ ಜನ ಎರಡು ಪಾಲಾಗುತ್ತಾರೆ. ಒಂದು ಪಾಲು ಪಾತ್ರೆಗಳ ಹಿಂದೆ ನಿಲ್ಲುತ್ತದೆ. ಅನ್ನ, ಸಾರು, ಚಪಾತಿ, ರೊಟ್ಟಿ, ಶಿರಾ, ಯಾರಿಗೆ ಏನು ಕೂಡಿತೋ ಅದು. ಇನ್ನೊಂದು ಪಾಲು ಹೆಗಲಿಗೆ ಜೋಳಿಗೆ ಹಾಕಿ ಅಥವಾ ತಾಟು ಹಿಡಿದು ಮಾಧುಕರಿಗೆ ಹೊರಡುತ್ತದೆ. ಮಧುಕರ ಎಂದರೆ ಜೇನುಹುಳು. ಒಂದೇ ಹೂವಿಗೆ ಭಾರವಾಗದೆ ಹೂವಿಂದ ಹೂವಿಗೆ ಚೂರುಚೂರು ಕೂಡಿಸುವಂತೆ, ಕಡೇಪಕ್ಷ ಐದು ಮನೆಯಲ್ಲಿ ಬೇಡಬೇಕೆಂಬುದು ರೂಢಿ. ಸೋಲಾಪುರದ ಅಂಗಡಿಕಾರರು, ಪುಣೆಯ ಇಂಜಿನಿಯರು, ಹೈದರಾಬಾದಿನ ನಿವೃತ್ತ ಅಧಿಕಾರಿ ಬಿಸಿಲಿಗೆ ಕಾದ ಓಣಿಯಲ್ಲಿ ಬರಿಗಾಲಲ್ಲಿ ನಿಂತು ಕೈಯೊಡ್ಡುತ್ತಾರೆ. ಮನೆಯಲ್ಲಿ ಯಾರಿಂದಲೂ ಒಂದು ಲೋಟ ನೀರು ಕೇಳಿ ಅಭ್ಯಾಸವಿಲ್ಲದವರಿಗೆ ಮೊದಲ ಮನೆಯ ಮುಂದೆ ದನಿ ಹೊರಡುವುದಿಲ್ಲ. ಐದನೆಯ ಮನೆಗೆ ಬರುವಷ್ಟರಲ್ಲಿ ಅದು ಕರಗಿರುತ್ತದೆ. ಐದು ಎಂಬ ಲೆಕ್ಕದ ಗುಟ್ಟು ಇದೇ ಇರಬೇಕು ಎಂದು ನನಗೆ ಅನಿಸುತ್ತದೆ. ಪಂಕ್ತಿ ಎಂಬ ಸಂಸ್ಕೃತ ಪದಕ್ಕೂ ಮೂಲದಲ್ಲಿ ಐದರ ಗುಂಪು ಎಂದೇ ಅರ್ಥ.

ಏರ್ಪಾಟಿನ ಚೆಲುವು ನೋಡಿ. ಕೊಡುವವರಿಗೆ ಎದುರು ನಿಂತವನು ಯಾರೆಂದು ಗೊತ್ತಿಲ್ಲ, ಅವನೇ ದತ್ತನಿರಬಹುದು. ಹಾಗಾಗಿ ಹರಕು ಅಂಗಿಯವನಿಗೂ ಕೈಮುಗಿದೇ ಬಡಿಸಬೇಕು. ತೆಗೆದುಕೊಳ್ಳುವವನಿಗೆ ನಾಚಿಕೆಯಿಲ್ಲ, ಏಕೆಂದರೆ ಪಕ್ಕದಲ್ಲಿ ಬೇಡುತ್ತಿರುವವನು ಕಾರಿನಲ್ಲಿ ಬಂದವನು. ನಿಜವಾಗಿ ಹಸಿದವನು ಯಾರು, ವ್ರತಕ್ಕೆ ಬೇಡುವವನು ಯಾರು ಎಂದು ನೋಡಿ ಹೇಳಲಾಗದಂತೆ ಎಲ್ಲರೂ ಬೆರೆತುಹೋಗುತ್ತಾರೆ. ಹಸಿದವನ ಮಾನ ಉಳಿಸಲು ಇದಕ್ಕಿಂತ ಸೂಕ್ಷ್ಮವಾದ ಉಪಾಯ ಯಾವ ಅನ್ನಛತ್ರದಲ್ಲೂ ಇಲ್ಲ.

ಈ ಕ್ಷೇತ್ರದ ಮಹಿಮೆ ಹೇಳುವ ಸರಸ್ವತಿ ಗಂಗಾಧರರ ಮರಾಠಿ 'ಗುರುಚರಿತ್ರೆ'ಯಲ್ಲಿ ಪರರ ಅನ್ನದ ಬಗ್ಗೆ ಹತ್ತಿರಹತ್ತಿರವೇ ಎರಡು ಕಥೆಗಳಿವೆ. ಒಂದರಲ್ಲಿ ಪರಾನ್ನ ಮುಟ್ಟದ ವ್ರತದ ಬ್ರಾಹ್ಮಣನ ಹೆಂಡತಿ ಸಂತರ್ಪಣೆಯೂಟಕ್ಕೆ ಆಸೆಪಡುತ್ತಾಳೆ. ಗುರುವಿನ ಅಪ್ಪಣೆಯಂತೆ ಗಂಡನೊಡನೆ ಹೋಗಿ ಕುಳಿತಾಗ, ತಮ್ಮೊಡನೆ ನಾಯಿ ಹಂದಿಗಳು ಉಣ್ಣುವಂತೆ ಅವಳಿಗೆ ಕಾಣುತ್ತದೆ. ಇನ್ನೊಂದು ಭಾಸ್ಕರನೆಂಬ ಬಡವನದು. ಗುರುವಿಗೆ ಒಂದು ದಿನ ಊಟ ಹಾಕಿಸಬೇಕೆಂದು ಮೂವರಿಗೆ ಸಾಲುವಷ್ಟು ಸಾಮಾನು ಗಂಟುಕಟ್ಟಿ ತಂದಿರುತ್ತಾನೆ. ದಿನವೂ ಬೇರೆ ಯಾರೋ ಸಂತರ್ಪಣೆ ಮಾಡಿ ಅವನನ್ನೂ ಊಟಕ್ಕೆ ಕೂರಿಸುತ್ತಾರೆ. ಗಂಟನ್ನೇ ತಲೆದಿಂಬು ಮಾಡಿಕೊಂಡು ಮೂರು ತಿಂಗಳು ಕಳೆಯುತ್ತಾನೆ, ಜನ ಆಡಿಕೊಂಡು ನಗುತ್ತಾರೆ. ಕೊನೆಗೆ ಗುರು, ಈ ದಿನ ನೀನೇ ಮಾಡು, ಎಲ್ಲರನ್ನೂ ಕರೆ ಅನ್ನುತ್ತಾರೆ. ಮೂವರ ಅಡುಗೆ 4,000 ಜನ ಉಂಡರೂ ಮುಗಿಯುವುದಿಲ್ಲ. ಮೊದಲ ಕಥೆಯಲ್ಲಿರುವುದು ಭಯ: ಪಕ್ಕದಲ್ಲಿ ಕುಳಿತವರಿಂದ ನಾನು ಮೈಲಿಗೆಯಾದೇನೆಂಬ ಭಯ. ಎರಡನೆಯದರಲ್ಲಿರುವುದು ನೆರೆದವರ ಊಟದ ಸಂತೋಷ. ಒಂದೇ ಗ್ರಂಥ ಎರಡನ್ನೂ ಹೊತ್ತಿದೆ, ನಮ್ಮ ಸಮಾಜವೂ ಹೊತ್ತಿದೆ. ಊರು ತನ್ನ ಮಧ್ಯಾಹ್ನಕ್ಕೆ ಆರಿಸಿಕೊಂಡಿರುವುದು ಭಾಸ್ಕರನ ಕಥೆಯನ್ನು.

ದಾಸೋಹ, ಕಂದೂರಿ

ಜೇವರ್ಗಿ ಸೀಮೆಯ ಅರಳಗುಂಡಗಿ ಶರಣಬಸವೇಶ್ವರರ ಹುಟ್ಟೂರು. 1746ರಲ್ಲಿ ಹುಟ್ಟಿ 1822ರಲ್ಲಿ ಲಿಂಗೈಕ್ಯರಾದ ಅವರು ಒಕ್ಕಲುತನ ಮಾಡಿಕೊಂಡೇ ಬಂದವರಿಗೆಲ್ಲ ಅನ್ನ ಹಾಕಿದವರು. ಕಾಳಿಗೆ ಬಂದ ಹಕ್ಕಿಗಳನ್ನು ಓಡಿಸದೆ ಕುಡಿಯಲು ನೀರಿಟ್ಟರೆಂಬ ಕಥೆಯನ್ನು ಈ ಕಡೆಯ ಮಕ್ಕಳೂ ಬಲ್ಲರು. ಮುಂದೆ ಅವರು ನೆಲೆ ನಿಂತ ಕಲಬುರಗಿಯಲ್ಲಿ ಇಂದಿಗೂ ದಾಸೋಹ ನಡೆಯುತ್ತದೆ. ದಾಸೋಹಂ, ಅಂದರೆ ನಾನು ದಾಸ. ದಾನ ಕೊಟ್ಟವನ ಕೈ ಮೇಲಿರುತ್ತದೆ; ದಾಸೋಹದಲ್ಲಿ ಬಡಿಸುವವನು ಬಗ್ಗಿರುತ್ತಾನೆ. ನಿನ್ನೆ ಪಂಕ್ತಿಯಲ್ಲಿ ಉಂಡವರು ಇಂದು ಸೆರಗು ಸಿಕ್ಕಿಸಿ ಸಾರಿನ ಬಕೆಟ್ಟು ಹಿಡಿಯುವುದು ಇಲ್ಲಿ ಸಹಜ.

ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಈ ಭಾಗದ ದರ್ಗಾಗಳಲ್ಲಿ ಹರಕೆ ತೀರಿಸಲು ಕಂದೂರಿ ಮಾಡುವ ರೂಢಿ ಇದೆ: ಕುರಿ ಕೊಯ್ದು, ಅಲ್ಲೇ ಒಲೆ ಹೂಡಿ, ಬಂಧುಬಳಗದ ಜೊತೆ ಕಂಡವರನ್ನೂ ಕರೆದು ಉಣಿಸುವುದು. ಕಂದೂರಿ ಪಾರಸಿ ಮಾತು. ಮೂಲ ಅರ್ಥ ಊಟಕ್ಕೆ ಹಾಸುವ ಬಟ್ಟೆ. ಹಾಸಿನ ಹೆಸರೇ ಊಟಕ್ಕೆ ಬಂದಿದೆ. ಬಟ್ಟೆ ಹಾಸಿದ ಮೇಲೆ ಅದರ ಅಂಚಿಗೆ ಬಂದು ಕೂತವರು ಹಾಸಿನವರೇ.

ಬಾಗಿಲ ಹೊರಗಿನವರು

ಇಷ್ಟನ್ನೇ ಬರೆದು ನಿಲ್ಲಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಸಾಲಿನಲ್ಲಿ ಕುಳಿತವರೆಲ್ಲ ಸಮ, ನಿಜ. ಆದರೆ ಸಾಲಿಗೆ ಯಾರನ್ನು ಬಿಡಬೇಕು ಎಂಬುದು ಬಾಗಿಲಲ್ಲಿ ತೀರ್ಮಾನವಾಗುತ್ತಿತ್ತು. ನಮ್ಮ ನಾಡಿನ ಎಷ್ಟೋ ಗುಡಿಗಳಲ್ಲಿ, ಮಠಗಳಲ್ಲಿ ಜಾತಿಗೊಂದು ಪಂಕ್ತಿ ಇತ್ತು. ಕೆಲವು ಕಡೆ ಪಂಕ್ತಿಭೇದದ ವಿರುದ್ಧ ಈ ಶತಮಾನದಲ್ಲೂ ಜನ ಬೀದಿಗಿಳಿಯಬೇಕಾಯಿತು. ಚಹಾದಂಗಡಿಯಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟದ್ದು ದೂರದ ಇತಿಹಾಸವಲ್ಲ. ಹಡಗಿನಲ್ಲೂ ಹೀಗೇ ಇತ್ತು: 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಮೂರು ದರ್ಜೆಗೆ ಮೂರು ಊಟದ ಕೋಣೆಗಳಿದ್ದವು. ಆದರೆ ಟಿಕೆಟ್ಟಿನ ದರ್ಜೆಯನ್ನು ದುಡಿದು ದಾಟಬಹುದು; ಹುಟ್ಟಿನ ದರ್ಜೆಯನ್ನು ದಾಟಲು ಬಾಗಿಲನ್ನೇ ಮುರಿಯಬೇಕು.

ಮುರಿದವರಿದ್ದಾರೆ. 12ನೇ ಶತಮಾನದಲ್ಲಿ ಬಸವಣ್ಣ ಅಸ್ಪೃಶ್ಯ ಶರಣ ನಾಗಿದೇವರ ಮನೆಯಲ್ಲಿ ಉಂಡರೆಂದು ದೂರು ಬಿಜ್ಜಳನವರೆಗೆ ಹೋಯಿತೆಂದು ಶರಣರ ಕಥೆಗಳು ಹೇಳುತ್ತವೆ. ಊಟಕ್ಕೆ ಕೂತದ್ದೇ ರಾಜದ್ರೋಹದಷ್ಟು ದೊಡ್ಡ ತಪ್ಪಾಗಿ ಕಂಡಿತ್ತು. ಕೇರಳದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ತಮ್ಮ ಜಾತಿಯ ಈಳವರನ್ನೂ ದಲಿತರಾದ ಪುಲಯರನ್ನೂ ಒಟ್ಟಿಗೆ ಕೂರಿಸಿ ಮಿಶ್ರಭೋಜನ ಮಾಡಿಸಿದಾಗ ಸ್ವಂತ ಜಾತಿಯವರೇ ಅವರ ಮೇಲೆ ತಿರುಗಿಬಿದ್ದರು.

ಕರ್ನಾಟಕದಲ್ಲಿ ಶಾಲೆಯ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ಕಲಬುರಗಿಯೂ ಸೇರಿದಂತೆ ಉತ್ತರದ 7 ಜಿಲ್ಲೆಗಳಲ್ಲಿ. ಹೆಸರು ಅಕ್ಷರ ದಾಸೋಹ. ಹಸಿವಿನ ಯೋಜನೆಯಾಗಿ ಬಂದರೂ ಅದು ಪಂಕ್ತಿಯ ಯೋಜನೆಯೂ ಹೌದು. ಹಳ್ಳಿಯ ಬೇರೆಬೇರೆ ಓಣಿಗಳ ಮಕ್ಕಳು ದಿನವೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಜಾಗ ಅದಕ್ಕೂ ಮುಂಚೆ ಊರಲ್ಲಿ ಎಲ್ಲಿತ್ತು? ಅಡುಗೆಯ ಕೆಲಸದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಆದೇಶಿಸಿತು. ದಲಿತ ಹೆಂಗಸು ಬೇಯಿಸಿದಳೆಂದು ಮಕ್ಕಳನ್ನು ಊಟದಿಂದ ಎಬ್ಬಿಸಿಕೊಂಡು ಹೋದ ತಂದೆತಾಯಿಗಳ ಸುದ್ದಿ ಆಮೇಲೂ ನಾಡಿನ ಹಲವೆಡೆಯಿಂದ ಬಂದಿದೆ. ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಮಗುವಿಗೆ ಬಾಜೂ ತಾಟಿನವನು ಗೆಳೆಯ. ಅವನನ್ನು ಬಿಟ್ಟು ಯಾಕೆ ಎದ್ದೆನೆಂದು ಅದಕ್ಕೆ ಅರ್ಥವಾಗಿರುವುದಿಲ್ಲ.

ಎಳ್ಳಮಾವಾಸ್ಯೆಯ ಕೂಗು

ಈ ಮೂರು ತಾಲೂಕುಗಳ ಊಟದ ಏರ್ಪಾಟನ್ನು ಒಂದೇ ದಿನದಲ್ಲಿ ನೋಡಬೇಕೆಂದರೆ ಎಳ್ಳಮಾವಾಸ್ಯೆಗೆ ಬರಬೇಕು. ಡಿಸೆಂಬರ್ ಕೊನೆಗೋ ಜನವರಿಗೋ ಬರುವ ಈ ಹಬ್ಬದ ದಿನ ಊರುಗಳು ಖಾಲಿ, ಹೊಲಗಳು ಭರ್ತಿ. ಜೋಳ ಎದೆಯುದ್ದ ನಿಂತಿರುತ್ತದೆ, ಕಪ್ಪು ನೆಲದಲ್ಲಿ ಕಡಲೆ ಹೂ ಬಿಟ್ಟಿರುತ್ತದೆ. ಹೆಂಗಸರು ವಾರದ ಮುಂಚೆಯೇ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಬಡಿದು ಒಣಗಿಸಿಟ್ಟಿರುತ್ತಾರೆ. ಹಬ್ಬದ ಹಿಂದಿನ ರಾತ್ರಿ ಕಡಬು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಎಳೆ ಕಾಳು ಸೊಪ್ಪುಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಮಡಕೆಯಲ್ಲಿ ಅಂಬಲಿ.

ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಬೆಳೆಯ ಸುತ್ತ ನಡೆದು ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಭೂಮಿಗೆ, ಹುಳುವಿಗೆ, ಹಕ್ಕಿಗೆ. ಉಳಿದದ್ದು ಮನುಷ್ಯರಿಗೆ. ಹೊಲವಿಲ್ಲದ ಮಾಸ್ತರು, ಬ್ಯಾಂಕಿನವರು, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು ಆ ದಿನ ಯಾರದೋ ಹೊಲದಲ್ಲಿ ಇದ್ದೇ ಇರುತ್ತಾರೆ. ಮನೆಯಲ್ಲಿ ಉಳಿಯಲು ಯಾರೂ ಬಿಡುವುದಿಲ್ಲ. ಹೊಲದಾಳು ಬದುವಿನ ಆ ಕಡೆ, ಒಡೆಯರ ಮನೆಯವರು ಈ ಕಡೆ ಕೂರುತ್ತಿದ್ದ ಕಾಲವೂ ಇತ್ತು. ಆ ಬದು ಅಳಿಸಿಹೋದ ಹೊಲಗಳಿವೆ, ಅಳಿಯದವೂ ಇವೆ.

ಜಮಖಾನೆ ಹಾಸಿ ಎಲ್ಲರೂ ಕುಳಿತಿರುವಾಗ ಅಫಜಲಪುರದ ರಸ್ತೆಯಲ್ಲಿ ಒಬ್ಬ ಮೋಟಾರ್ ಸೈಕಲ್ ಮೇಲೆ ಹೋಗುತ್ತಿರುತ್ತಾನೆ. ಯಾರೋ ಗೊತ್ತಿಲ್ಲ. ಹೊಲದಿಂದ ಒಬ್ಬ ಅಜ್ಜ ಎದ್ದುನಿಂತು ಟವೆಲ್ಲು ಬೀಸುತ್ತಾನೆ. 'ಏ ತಮ್ಮಾ, ಬಾರೋ ಉಣ್ಣು ಬಾ!'

'ಉಂಡೀನ್ರೀ ಕಾಕಾ, ಅಲ್ಲೇ ಹಿಂದಿನ ಹೊಲದಾಗ ಉಂಡೀನಿ.'

'ಅದು ಅವರ ಹೊಲದ್ದು. ನಮ್ಮದೊಂದ್ ಕಡಬು ತಿಂದು ಹೋಗು.'

ಹುಡುಗ ಎಂಜಿನ್ನು ಬಂದ್ ಮಾಡುತ್ತಾನೆ. ಜಮಖಾನೆಯ ಮೇಲಿನ ಮಂದಿ ತಮ್ಮ ತಾಟನ್ನು ಎರಡೆರಡು ಬೆರಳು ಸರಿಸುತ್ತಾರೆ.